ಜರಡಿಯ ಅಟ್ಟ ಅಲುಗಿದ ವರ್ಷ

೧೯೫೪ರ ಬೇಸಿಗೆಯಲ್ಲಿ ನಾನು ಸಿಂಧನೂರಿನ ಹೊಸ ಅಕ್ಕಿ ಗಿರಣಿಯೊಂದಕ್ಕೆ ಇಂಜಿನ್ ಡ್ರೈವರ್ ಆಗಿ ಸೇರಿದೆ. ಅದಕ್ಕೂ ಮೊದಲು, ೧೯೪೮ರಿಂದ, ಲಿಂಗಸುಗೂರಿನ ಹತ್ತಿ ಜಿನ್ನಿಂಗ್ ಗಿರಣಿಯಲ್ಲಿದ್ದೆ. ಅಲ್ಲಿ ಬೇರಿಂಗುಗಳಿಗೆ ಎಣ್ಣೆ ಬಿಡುತ್ತಲೇ ಇಂಜಿನ್ ಕೆಲಸ ಕಲಿತೆ. ನನ್ನ ಓದು ಉರ್ದು ಶಾಲೆಯ ನಾಲ್ಕನೆಯ ತರಗತಿಗೆ ನಿಂತಿತ್ತು. ಕನ್ನಡ ಅಕ್ಷರ ಕಲಿಸಿದವನು ಅಣ್ಣ ಮೌನಪ್ಪ. ನಮ್ಮದು ಪಾಮನಕಲ್ಲೂರಿನ ಬಡಿಗರ ಮನೆ. ಅಪ್ಪ ತೀರಿಕೊಂಡ ಮೇಲೆ ಉಳಿಬಾಚಿ ಅಣ್ಣನ ಕೈಗೆ ಹೋಯಿತು. ನನಗೆ ಮರದ ಕೆಲಸ ಒಗ್ಗಲಿಲ್ಲ, ಕಬ್ಬಿಣದ ಕಡೆ ಹೋದೆ.

ಸಿಂಧನೂರಿನ ಗಿರಣಿಗೆ ನನ್ನನ್ನು ಸೇರಿಸಿದವನೂ ಅಣ್ಣನೇ. ಕಾಲುವೆಗೆ ನೀರು ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾಗತೊಡಗಿದ್ದ ಕಾಲ ಅದು. ಬಸವಂತಪ್ಪ ಸಾವ್ಕಾರರು ಊರ ಹೊರಗೆ ಗಿರಣಿ ಕಟ್ಟಿಸಿದರು. ಅದರೊಳಗಿನ ಮರದ ಅಟ್ಟ ಅಣ್ಣನ ಕೈಕೆಲಸ. ಅಟ್ಟದ ಒಂದು ಬದಿ ಕಲ್ಲಿನ ಗೋಡೆಯೊಳಗೆ ಕೂತಿತ್ತು. ಇನ್ನೊಂದು ಬದಿ ನಾಲ್ಕು ಸಾಗವಾನಿ ಕಂಬಗಳ ಮೇಲೆ ನಿಂತಿತ್ತು. ಅಟ್ಟದ ಮೇಲೆ ಜರಡಿ. ಹೊಟ್ಟು ಬಿಟ್ಟ ಅಕ್ಕಿ ಮೇಲಕ್ಕೆ ಏರಿ ಈ ಜರಡಿಗೆ ಬೀಳುತ್ತದೆ, ಜರಡಿ ಹಿಂದೆ ಮುಂದೆ ಆಡುತ್ತ ನುಚ್ಚನ್ನೂ ತೌಡನ್ನೂ ಬೇರೆ ಮಾಡುತ್ತದೆ. ಇಂಜಿನ್ ತಿರುಗಿಸುವ ಕೆಳಗಿನ ಶಾಫ್ಟಿನಲ್ಲಿ ಎಂಟು ಇಂಚಿನ ಒಂದು ಪುಲ್ಲಿ, ಅಂದರೆ ಬೆಲ್ಟಿನ ಗಾಲಿ, ಅದರಿಂದ ಮೇಲೆ ಜರಡಿಯ ಪುಲ್ಲಿಗೆ ಬೆಲ್ಟು. ಜರಡಿ ನಿಮಿಷಕ್ಕೆ ನೂರಾ ಎಂಬತ್ತು ಸಲ ಆಡಬೇಕು ಎಂದು ಯಂತ್ರ ಕೂಡಿಸಿದವರು ಹೇಳಿ ಹೋಗಿದ್ದರು.

ಅಣ್ಣನಿಗೆ ಅದು ಮೊದಲ ದೊಡ್ಡ ಕೆಲಸ. ಅಟ್ಟ ಚೆನ್ನಾಗಿ ನಡೆದರೆ ಮುಕ್ಕುಂದದಲ್ಲಿ ಕಟ್ಟಲಿರುವ ಗಿರಣಿಯ ಮರದ ಕೆಲಸವೆಲ್ಲ ಅವನಿಗೇ ಎಂದು ಸಾವ್ಕಾರರು ಮಾತು ಕೊಟ್ಟಿದ್ದರು. ಅದರ ಮಾಲಕರು ಸಾವ್ಕಾರರ ಬೀಗರು.

ಸಾವ್ಕಾರರು ಶಿವಭಕ್ತರು. ಮಠದ ದಾಸೋಹಕ್ಕೆ ಅಕ್ಕಿ ಈ ಗಿರಣಿಯಿಂದಲೇ ಹೋಗುತ್ತಿತ್ತು. ನನ್ನನ್ನು ಕೆಲಸಕ್ಕೆ ಇಟ್ಟುಕೊಂಡ ದಿನವೇ ಅವರು ಒಂದು ಮಾತು ಹೇಳಿದರು.

“ಕಾಳಪ್ಪ, ಸ್ವಾಮಿಗಳ ಪ್ರಸಾದದ ಅಕ್ಕಿ ಇಲ್ಲೇ ಆಗತೈತಿ. ತೊಗಲು ಒಳಗ ಬರಬಾರದು. ಕಾಲಾಗಿನ ಕೆರ ಹೊರಗ. ಬೆಲ್ಟು ಕ್ಯಾನ್ವಾಸಿಂದು. ತಿಳೀತಿಲ್ಲೋ?”

“ತಿಳೀತ್ರೀ,” ಎಂದೆ.

ಮಳೆಗಾಲ ಬಂತು. ಕ್ಯಾನ್ವಾಸ್ ಬೆಲ್ಟಿಗೆ ತೇವ ಹಿಡಿಯಿತು. ಉಳಿದ ಬೆಲ್ಟುಗಳು ಹೇಗೋ ನಡೆದವು, ಜರಡಿಯ ಬೆಲ್ಟು ಮಾತ್ರ ಆ ಸಣ್ಣ ಪುಲ್ಲಿಯ ಮೇಲೆ ಜಾರತೊಡಗಿತು. ಬೆಲ್ಟು ಜಾರಿದರೆ ಜರಡಿ ನಿಧಾನ. ಜರಡಿ ನಿಧಾನವಾದರೆ ಅಕ್ಕಿ ಮೇಲೆ ಕಟ್ಟಿಕೊಂಡು ಅಂಚಿನಿಂದ ಸುರಿಯುತ್ತದೆ. ರಾಳದ ಪುಡಿ ಉದುರಿಸಿದೆ. ಅದು ಅರ್ಧ ದಿನ ಹಿಡಿಯುತ್ತಿತ್ತು, ಆಮೇಲೆ ಮತ್ತೆ ಅದೇ. ಶ್ರಾವಣ ಮಾಸ, ದಾಸೋಹಕ್ಕೆ ಅಕ್ಕಿ ಹೆಚ್ಚು ಬೇಕು. ಸಾವ್ಕಾರರು ದಿನಾ ಬಂದು ಸುರಿದ ಅಕ್ಕಿಯನ್ನು ನೋಡಿ ನನ್ನ ಮುಖ ನೋಡುತ್ತಿದ್ದರು.

ಜಾರುವ ಪುಲ್ಲಿಗೆ ತೊಗಲು ಸುತ್ತುವುದನ್ನು ನಾನು ಲಿಂಗಸುಗೂರಿನಲ್ಲಿ ಕಲಿತಿದ್ದೆ. ಜಿನ್ನಿಂಗ್ ಗಿರಣಿಯಲ್ಲಿ ಎಲ್ಲರೂ ಮಾಡುವ ಕೆಲಸ ಅದು. ಅಲ್ಲಿಂದ ಬರುವಾಗ ತಂದಿದ್ದ ಹಳೆಯ ತೊಗಲಿನ ಬೆಲ್ಟಿನ ತುಂಡೊಂದು ನನ್ನ ಟ್ರಂಕಿನಲ್ಲಿತ್ತು. ಒಂದು ಬೆಳಗ್ಗೆ ಹಮಾಲರು ಬರುವ ಮುಂಚೆ ಅದನ್ನು ಪುಲ್ಲಿಯ ಸುತ್ತ ಎರಡು ಪದರ ಸುತ್ತಿ, ಮೊಳೆ ಬಡಿದು, ಮೇಲೆ ಕ್ಯಾನ್ವಾಸ್ ಬೆಲ್ಟು ಏರಿಸಿದೆ. ಅಂಚಿಗೆ ಗ್ರೀಸು ಬಳಿದೆ. ನೋಡಿದರೆ ಏನೂ ಕಾಣುತ್ತಿರಲಿಲ್ಲ.

ಎಂಟು ಇಂಚಿನ ಪುಲ್ಲಿ ಒಂಬತ್ತು ಇಂಚಾಯಿತು. ದಪ್ಪವಾದರೆ ಜರಡಿ ಜೋರಾಗಿ ಆಡುತ್ತದೆ ಎನ್ನುವುದು ನನಗೆ ಗೊತ್ತಿತ್ತು. ಅದೂ ಒಳ್ಳೆಯದೇ, ಅಕ್ಕಿ ಬೇಗ ಸಾಗುತ್ತದೆ ಎಂದುಕೊಂಡೆ. ಮೇಲಿನ ಪುಲ್ಲಿಗೂ ತಕ್ಕಷ್ಟು ದಪ್ಪ ಸುತ್ತಿ ಸರಿದೂಗಿಸಬೇಕಿತ್ತು. ಅಷ್ಟು ತೊಗಲು ನನ್ನಲ್ಲಿರಲಿಲ್ಲ, ಅಷ್ಟು ಬುದ್ಧಿಯೂ ಇರಲಿಲ್ಲ.

ಅಂದಿನಿಂದ ಅಕ್ಕಿ ಸುರಿಯುವುದು ನಿಂತಿತು, ಅಟ್ಟ ಅಲುಗುವುದು ಶುರುವಾಯಿತು. ಮೊದಲು ಕಂಬದ ಬದಿಯಲ್ಲಿ ನಿಂತವರ ಕಾಲಿಗೆ ತಿಳಿಯಿತು. ವಾರ ಕಳೆಯುವುದರೊಳಗೆ ಕೆಳಗೆ ನಿಂತವರಿಗೂ ಕಣ್ಣಿಗೆ ಕಾಣುವಂತಾಯಿತು. ತೊಲೆ ಕೂತ ಜಾಗದಲ್ಲಿ ಗೋಡೆಯ ಗಿಲಾವು ಬಿರುಕು ಬಿಟ್ಟಿತು. ಹಮಾಲರ ಮುಖಂಡ ಖಾಜಾಸಾಬ ಚೀಲ ಹೊತ್ತು ಮೇಲೆ ಹತ್ತಲು ಒಪ್ಪಲಿಲ್ಲ.

“ನಾ ಗಿರಣ್ಯಾಗ ಕೆಲಸ ಮಾಡಾಕ ಬಂದೀನಿ, ದೋಣ್ಯಾಗ ಕುಂದ್ರಾಕಲ್ಲ,” ಎಂದ.

ಸಾವ್ಕಾರರು ಅಣ್ಣನನ್ನು ಕರೆಸಿದರು. ಅವನು ಬಂದು ಕಂಬ ಕಂಬವನ್ನೂ ತಟ್ಟಿ ನೋಡಿದ, ಸಂದು ಸಂದಿಗೂ ಬೆಣೆ ಬಡಿದ. ಅಲುಗು ನಿಲ್ಲಲಿಲ್ಲ. ಮಧ್ಯಾಹ್ನ ರೊಟ್ಟಿ ಬಿಚ್ಚಿಕೊಂಡು ಕೂತಾಗ ನನ್ನನ್ನು ಕೇಳಿದ.

“ಕಾಳ್ಯಾ, ಮೊದ್ಲ ಎರಡು ತಿಂಗಳು ಕಲ್ಲಿನಂಗ ನಿಂತಿತ್ತಲ್ಲೋ. ನೀ ಏನರ ಮಶೀನ ಬದಲ ಮಾಡೀಯೇನು?”

“ಇಲ್ಲಣ್ಣ,” ಎಂದೆ.

ಅವನು ನಂಬಿದ. ತಮ್ಮ ಸುಳ್ಳು ಹೇಳುತ್ತಾನೆ ಎನ್ನುವುದು ಅವನ ಲೆಕ್ಕದಲ್ಲೇ ಇರಲಿಲ್ಲ. ಮರ ಹಸಿಯಿತ್ತೋ ಏನೋ ಎಂದು ತನಗೆ ತಾನೇ ಹೇಳಿಕೊಳ್ಳುತ್ತ ರೊಟ್ಟಿ ಮುರಿದ. ಅವತ್ತೇ ಹೇಳಬೇಕಿತ್ತು. ತೊಗಲಿನ ವಿಷಯ ಸಾವ್ಕಾರರಿಗೆ ತಿಳಿದರೆ ಕೆಲಸ ಹೋಗುವುದಷ್ಟೇ ಅಲ್ಲ, ದಾಸೋಹದ ಅಕ್ಕಿ ಕೆಡಿಸಿದವನು ಎಂದು ಊರೂರು ಮಾತಾಗುತ್ತದೆ ಎಂಬ ಭಯ ನನಗೆ. ಹಾಗೆಂದು ತೊಗಲನ್ನು ಬಿಚ್ಚಲೂ ಮನಸ್ಸು ಬರಲಿಲ್ಲ. ಬಿಚ್ಚಿದರೆ ಅಕ್ಕಿ ಸುರಿಯುತ್ತಿತ್ತು, ಆ ಬೈಗುಳ ನನಗೆ ಬರುತ್ತಿತ್ತು. ಅಟ್ಟ ಅಲುಗಿದರೆ ಬೈಗುಳ ಅಣ್ಣನಿಗೆ.

ದೀಪಾವಳಿ ಕಳೆದ ಮೇಲೆ ಸಾವ್ಕಾರರು ಕಾಲುವೆ ಕೆಲಸದ ಕಡೆಯ ಒಬ್ಬ ಇಂಜಿನಿಯರನ್ನು ಬರಹೇಳಿದರು. ಮೈಸೂರು ಸೀಮೆಯವರು, ರಾವ್ ಸಾಹೇಬರು ಎನ್ನುತ್ತಿದ್ದೆವು. ಕಟ್ಟಡಗಳ ಅಲುಗಾಟ ಅಳೆಯುವ ಒಂದು ಯಂತ್ರ ಅವರ ಬಳಿ ಇತ್ತು, ಹೆಸರು ವೈಬ್ರೋಗ್ರಾಫ್. ಕೀಲಿ ಕೊಟ್ಟರೆ ಒಳಗಿನ ಕಾಗದದ ಪಟ್ಟಿ ಓಡುತ್ತದೆ, ಅದರ ಮೇಲೆ ಸೂಜಿ ಅಲುಗಾಟವನ್ನು ಅಲೆ ಅಲೆಯಾಗಿ ಗೀಚುತ್ತದೆ. ಅವರು ಬರುತ್ತಾರೆಂದು ಹಿಂದಿನ ಸಂಜೆ ತಿಳಿಯಿತು. ಗಿರಣಿ ನಿಂತ ಮೇಲೆ ನಾನು ತೊಗಲು ಬಿಚ್ಚಿ, ಪುಲ್ಲಿಯನ್ನು ಸೀಮೆಎಣ್ಣೆಯಿಂದ ಒರೆಸಿ ಹೊಳೆಯುವಂತೆ ಮಾಡಿದೆ.

ಮರುದಿನ ರಾವ್ ಸಾಹೇಬರು ಮಾಡಿದ ಕೆಲಸವನ್ನು ವಿವರವಾಗಿ ಬರೆಯುತ್ತೇನೆ. ಅಂಥ ಕೆಲಸವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಈಗ ಅದಕ್ಕೆ ಮೋಡಲ್ ಅನಾಲಿಸಿಸ್ ಎನ್ನುತ್ತಾರಂತೆ, ಎಲ್ಲವನ್ನೂ ಕಂಪ್ಯೂಟರಿನಲ್ಲಿ ಮಾಡುತ್ತಾರಂತೆ.

ಮೊದಲು ಇಂಜಿನ್ ನಿಲ್ಲಿಸಿದರು. ಕಂಬದ ಬದಿಯ ತೊಲೆಗೆ ಹಗ್ಗ ಕಟ್ಟಿಸಿ, ಖಾಜಾಸಾಬನ ಕಡೆಯ ಹಮಾಲರಿಂದ ಬಿಗಿಯಾಗಿ ಎಳೆಸಿ, ಅಣ್ಣನ ಕೈಗೆ ಕೊಡಲಿ ಕೊಟ್ಟು ಹಗ್ಗ ಕಡಿಯಲು ಹೇಳಿದರು. ಹಗ್ಗ ಕಡಿದದ್ದೇ ಹಮಾಲರು ಒಬ್ಬರ ಮೇಲೊಬ್ಬರು ಬಿದ್ದರು.

“ಯಾ ಅಲ್ಲಾ, ಕಡೀತೀನಿ ಅಂತ ಒಂದು ಮಾತು ಹೇಳಬಾರದೇನಪ ಮೌನಪ್ಪಾ,” ಎಂದು ಖಾಜಾಸಾಬ ಹೊಟ್ಟಿನ ರಾಶಿಯಿಂದ ಎದ್ದು ಬಂದ.

ಅಟ್ಟ ತನ್ನಷ್ಟಕ್ಕೆ ಆಡಿ, ಮೆಲ್ಲಗೆ ನಿಂತಿತು. ಸಾಹೇಬರು ಕಾಗದದ ಅಲೆಗಳನ್ನು ಎಣಿಸಿದರು. ಐದು ಸೆಕೆಂಡಿಗೆ ಹದಿನೇಳು ಅಲೆ, ಅಂದರೆ ನಿಮಿಷಕ್ಕೆ ಇನ್ನೂರ ನಾಲ್ಕು. ಇದು ಅಟ್ಟದ ನ್ಯಾಚುರಲ್ ಫ್ರೀಕ್ವೆನ್ಸಿ ಎಂದರು.

“ಪ್ರತಿಯೊಂದು ಕಟ್ಟಡಕ್ಕೂ ತನ್ನದೇ ಆದ ಒಂದು ಓಲಾಟ ಇರುತ್ತೆ. ಉಯ್ಯಾಲೆಗೆ ಇದ್ದ ಹಾಗೆ. ಅದು ಹೋಗಿ ಬರುವ ಲಯಕ್ಕೆ ಸರಿಯಾಗಿ ನೂಕಿದರೆ ಸಣ್ಣ ನೂಕು ಸಾಕು, ಎತ್ತರಕ್ಕೆ ಹೋಗುತ್ತೆ. ಲಯ ತಪ್ಪಿಸಿ ನೂಕಿದರೆ ಏನೂ ಆಗಲ್ಲ,” ಎಂದು ಸಾವ್ಕಾರರಿಗೆ ತಿಳಿಸಿ ಹೇಳಿದರು.

“ಅಂದ್ರ ಪಂಚಮಿ ಜೋಕಾಲಿ ಇದ್ದಂಗ ಅನ್ರೀ,” ಎಂದ ಖಾಜಾಸಾಬ.

ಆಮೇಲೆ ಅಟ್ಟದ ಉದ್ದಗಲಕ್ಕೂ ನೀರು ತುಂಬಿದ ಬಟ್ಟಲುಗಳನ್ನು ಇಡಿಸಿದರು. ಇಂಜಿನ್ ಚಾಲೂ ಮಾಡಿಸಿ, ಯಂತ್ರವನ್ನು ಗೋಡೆಯ ಬದಿಯಿಂದ ಕಂಬದ ಬದಿಗೆ ಒಂದೊಂದೇ ಜಾಗದಲ್ಲಿಟ್ಟು ಅಳೆದರು. ಆ ದಿನ ಜರಡಿ ಆಡುತ್ತಿದ್ದುದು ನಿಮಿಷಕ್ಕೆ ನೂರಾ ಎಂಬತ್ತರ ಒಳಗೇ. ಬಟ್ಟಲುಗಳಲ್ಲಿ ಬರೀ ಸಣ್ಣ ನಡುಕ. ಅಟ್ಟ ಬಹುತೇಕ ಸುಮ್ಮನೆ ನಿಂತಿತ್ತು. ಅಣ್ಣ ಕಕ್ಕಾಬಿಕ್ಕಿಯಾಗಿ ಕಂಬದ ಮೇಲೆ ಕೈಯಿಟ್ಟು ನೋಡಿದ.

“ಇವತ್ತs ಯಾಕ ಸುಮ್ಮನಾತಿದು,” ಎಂದ.

“ಸಾಹೇಬ್ರಿಗೆ ಅಂಜೈತಿ,” ಎಂದ ಖಾಜಾಸಾಬ.

ಸಾಹೇಬರು ನನಗೆ ಇಂಜಿನ್ನಿನ ಗವರ್ನರ್ ಒತ್ತಿ ಹಿಡಿಯಲು ಹೇಳಿದರು. ಇಂಜಿನ್ ಹದ ಮೀರಿ ಓಡದಂತೆ ತಡೆಯುವ ಭಾಗ ಅದು. ಒತ್ತಿ ಹಿಡಿದೆ, ವೇಗ ಏರಿತು. ನೂರಾ ತೊಂಬತ್ತಕ್ಕೆ ಬಟ್ಟಲಿನ ನೀರು ಕುಲುಕಾಡಿತು. ಇನ್ನೂರು ದಾಟುವಾಗ ಕಂಬದ ಬದಿಯ ಬಟ್ಟಲುಗಳಿಂದ ನೀರು ಚೆಲ್ಲಿತು. ಗೋಡೆಯ ಬದಿಯವು ಆಗಲೂ ತುಳುಕಲಿಲ್ಲ. ಗೋಡೆಯನ್ನು ತಿರುಗಣಿ ಮಾಡಿಕೊಂಡ ಬಾಗಿಲಿನ ಹಾಗೆ ಅಟ್ಟ ಆಡುತ್ತಿದೆ ಎಂದು ಸಾಹೇಬರು ಕೈ ಆಡಿಸಿ ತೋರಿಸಿದರು. ಅಟ್ಟದ ಓಲಾಟದ ಆಕಾರ ಅದು. ಎಷ್ಟು ವೇಗಕ್ಕೆ ಆಡುತ್ತದೆ, ಯಾವ ಆಕಾರದಲ್ಲಿ ಆಡುತ್ತದೆ, ಬಿಟ್ಟರೆ ಎಷ್ಟು ಬೇಗ ನಿಲ್ಲುತ್ತದೆ, ಈ ಮೂರು ತಿಳಿದರೆ ಕಟ್ಟಡದ ಸ್ವಭಾವ ತಿಳಿದಂತೆ ಎಂದರು.

“ಇದs ನೋಡ್ರಿ ಸಾಹೇಬ್ರ, ಹಿಂಗs ಅಲಗ್ತಿತ್ತು,” ಎಂದ ಅಣ್ಣ. ಅವನ ದನಿಯಲ್ಲಿ ಆಸೆ ಇತ್ತು.

ಸಾಹೇಬರು ಇಂಜಿನ್ ಇಳಿಸಲು ಹೇಳಿ ನನ್ನ ಕಡೆ ತಿರುಗಿದರು.

“ನೀನು ಯಾವಾಗಲಾದರೂ ಹೀಗೆ ಗವರ್ನರ್ ಒತ್ತಿ ಓಡಿಸಿದ್ದೀಯಾ?”

“ಗವರ್ನರ್ ನಾ ಎಂದೂ ಮುಟ್ಟಿಲ್ರೀ.”

ಅದು ನಿಜವೇ ಆಗಿತ್ತು.

“ಜರಡಿ ಇನ್ನೂರರ ಮೇಲೆ ಓಡಿಯೇ ಇಲ್ಲವಾ? ನೆನಪು ಮಾಡಿಕೊಂಡು ಹೇಳಪ್ಪ, ಇದೊಂದರ ಮೇಲೆ ಎಲ್ಲ ನಿಂತಿದೆ.”

ಅಣ್ಣ ನನ್ನನ್ನೇ ನೋಡುತ್ತಿದ್ದ. ಸಾವ್ಕಾರರು ಪಕ್ಕದಲ್ಲೇ ನಿಂತಿದ್ದರು.

“ಓಡಿಲ್ರೀ,” ಎಂದೆ.

ಸಾಹೇಬರು ಟೇಪು ಹಿಡಿದು ಪುಲ್ಲಿಗಳನ್ನೆಲ್ಲ ಅಳೆದು ಲೆಕ್ಕ ಹಾಕಿದರು. ಎಂಟು ಇಂಚಿಗೆ ನೂರಾ ಎಂಬತ್ತೇ ಬಂತು. ಯಂತ್ರದ ವೇಗಕ್ಕೂ ಅಟ್ಟದ ಓಲಾಟಕ್ಕೂ ಇಷ್ಟು ಅಂತರ ಇರುವಾಗ ಅಟ್ಟ ಅಲುಗಬಾರದು, ಅಲುಗಿದ್ದು ನಿಜವಾದರೆ ಕೆಲಸದ ಭಾರಕ್ಕೆ ಸಂದುಗಳು ಸಡಿಲವಾಗಿ ಓಲಾಟವೇ ನಿಧಾನವಾಗಿ ನೂರಾ ಎಂಬತ್ತರ ಹತ್ತಿರ ಇಳಿಯುತ್ತಿರಬೇಕು ಎಂದರು. ಒಂದು ಸಂದನ್ನು ಬಿಚ್ಚಿ ನೋಡೋಣ ಎಂದು ಅಣ್ಣನೇ ಹೇಳಿದ. ಬಿಚ್ಚಿದ. ಕಂಬದ ತೂತಿನೊಳಗೆ ಕೂರುವ ತೊಲೆಯ ಮೊನೆ ಎರಡೂ ಕಡೆ ಉಜ್ಜಿ ನುಣುಪಾಗಿತ್ತು.

ಅಲುಗಾಟದಿಂದ ಅದು ಉಜ್ಜಿತ್ತು. ಉಜ್ಜಿದ್ದರಿಂದ ಅಲುಗಿತು ಎಂದು ಅಲ್ಲಿದ್ದವರೆಲ್ಲ ತಿಳಿದರು. ಸಾಹೇಬರನ್ನು ದೂರಲಾರೆ. ಅವರ ಅಳತೆಯಲ್ಲಿ ಒಂದೂ ತಪ್ಪಿರಲಿಲ್ಲ. ಅಳೆಯಲು ಆಗದ ಒಂದನ್ನು ಅವರು ನನ್ನನ್ನು ಕೇಳಿ ತಿಳಿದುಕೊಂಡಿದ್ದರು.

ಅಣ್ಣ ಆ ಮೊನೆಯ ಮೇಲೆ ಹೆಬ್ಬೆರಳು ಆಡಿಸಿದ.

“ಹಂಗಾದ್ರ ತಪ್ಪು ನಂದs ಐತ್ರಿ ಸಾವ್ಕಾರ್ರ. ಕಚ್ಚು ಸರಿ ಬಿದ್ದಿಲ್ಲ,” ಎಂದ.

“ನಿಮ್ಮಪ್ಪ ಮಾಡಿದ ತೊಟ್ಲದಾಗ ನಾ ಬೆಳದೀನಪಾ,” ಎಂದರು ಸಾವ್ಕಾರರು. “ನಿನ್ನ ಅಟ್ಟದ ಕೆಳಗ ನಿಂದ್ರಾಕ ಹೆದರಿಕಿ ಬರತೈತಿ.”

ಅವರು ಸಿಟ್ಟಿನಿಂದ ಹೇಳಲಿಲ್ಲ, ಬೇಸರದಿಂದ ಹೇಳಿದರು. ಅಣ್ಣ ತಲೆ ತಗ್ಗಿಸಿದ.

ಸಾಹೇಬರು ಹೇಳಿದಂತೆ ಕಂಬದ ಬದಿಗೆ ಇನ್ನೆರಡು ಕಂಬ, ಮೂಲೆಗಳಿಗೆ ಓರೆ ಆಧಾರಗಳನ್ನು ಹಾಕಿದರು. ಆ ಕೆಲಸವನ್ನು ಅಣ್ಣನೇ ಕೂಲಿ ಇಲ್ಲದೆ ಮಾಡಿಕೊಟ್ಟ. ಅಟ್ಟ ಮತ್ತೆ ಅಲುಗಲಿಲ್ಲ. ಮಳೆ ಮುಗಿದು ಬೆಲ್ಟು ಒಣಗಿತ್ತು, ನಾನು ತೊಗಲು ಸುತ್ತುವುದನ್ನು ಬಿಟ್ಟಿದ್ದೆ, ಅಲುಗಲು ಕಾರಣವೇ ಇರಲಿಲ್ಲ. ಕಂಬ ಹಾಕಿದ ಮೇಲೆ ನಿಂತಿತು ಎಂದೇ ಎಲ್ಲರೂ ಹೇಳಿದರು. ಮುಕ್ಕುಂದದ ಕೆಲಸ ಬೇರೆಯವರಿಗೆ ಹೋಯಿತು. ಅಣ್ಣ ಗಂಟುಮೂಟೆ ಕಟ್ಟಿಕೊಂಡು ಮಸ್ಕಿಗೆ ಹೋದ.

ಮರುವರ್ಷ ಬೇಸಿಗೆಯಲ್ಲಿ ನಾನು ಮಸ್ಕಿಗೆ ಹೋದೆ. ರಸ್ತೆ ಬದಿಯ ತಗಡಿನ ನೆರಳಿನಲ್ಲಿ ಅಣ್ಣ ಹೊರಸು, ಕುಂಟೆ, ಕೂರಿಗೆ ಮಾಡಿಕೊಂಡಿದ್ದ. ಅಣ್ಣನ ಹೆಂಡತಿ, ನಮ್ಮ ವೈನಿ, ನನಗೆ ನೀರು ಕೊಟ್ಟು ನಗುತ್ತಲೇ ಹೇಳಿದಳು.

“ನೋಡಪ್ಪ ಕಾಳಪ್ಪ, ನಿಮ್ಮಣ್ಣ ಹೊರಸ ಮಾಡಿ ತಾವs ಎರಡೆರಡು ಸಲ ಅದರ ಮ್ಯಾಲ ಕುಂತು ಅಲಗ್ಯಾಡಿಸಿ ನೋಡ್ತಾರ. ಗಿರಾಕಿ ಕಾಯ್ಕೋತ ನಿಂತಿರ್ತಾರ. ಹೊಸಾ ಹೊರಸಿನ ಮ್ಯಾಲ ಮಾಲಕಗಿಂತ ಮೊದ್ಲ ಇವರs ನಿದ್ದಿ ಮಾಡ್ತಾರಂತ ಊರಾಗ ನಗ್ತಾರ.”

ಅಣ್ಣನೂ ನಕ್ಕ. ನಾನು ನೀರನ್ನು ಕುಡಿಯದೆ ಕೆಳಗಿಟ್ಟೆ. ವೈನಿ ಒಳಗೆ ಹೋದ ಮೇಲೆ ಎಲ್ಲವನ್ನೂ ಹೇಳಿಬಿಟ್ಟೆ. ತೊಗಲು ಸುತ್ತಿದ್ದು, ಸಾಹೇಬರು ಬರುವ ಮುಂಚೆ ಬಿಚ್ಚಿದ್ದು, ಓಡಿಲ್ರೀ ಎಂದಿದ್ದು.

ಅಣ್ಣ ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟ. ಆಮೇಲೆ ಕೇಳಿದ.

“ಎಷ್ಟು ದಪ್ಪ ಸುತ್ತಿದ್ದೀ?”

“ಅರ್ಧ ಇಂಚು.”

“ಅಂದ್ರ ಜರಡಿ ಎಷ್ಟು ಓಡ್ತಿತ್ತು?”

“ಇನ್ನೂರರ ಮ್ಯಾಲ. ಸಾಹೇಬರು ಹೇಳಿದ ಲೆಕ್ಕಕ್ಕ ಹೆಚ್ಚೂಕಡಿಮಿ ಸರಿಯಾಗಿ ಕುಂದರತೈತಿ.”

“ಹಂಗಾದ್ರ ಸಂದು ಸರಿ ಇದ್ವು.”

“ಸರಿ ಇದ್ವು ಅಣ್ಣ.”

ಅವನು ನನ್ನನ್ನು ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆದಿದ್ದರೆ ಹಗುರಾಗುತ್ತಿತ್ತು.

“ನನ್ನ ಮುಂದ ಹೇಳಿದಿ, ಚಲೋ ಆತು,” ಎಂದ. “ನಾ ಮರ್ಯಾದಿ ಕಳಕೊಂಡದ್ದು ನನ್ನ ಮುಂದ ಅಲ್ಲಲ್ಲೋ. ಅಲ್ಲಿ ಹೋಗಿ ಹೇಳು. ಸಾವ್ಕಾರ್ರ ಮುಂದ, ಖಾಜಾಸಾಬನ ಮುಂದ. ಬ್ಯಾರೇನೂ ಬ್ಯಾಡ ನಂಗ.”

“ಹೇಳ್ತೀನಣ್ಣ,” ಎಂದೆ. ಬಸ್ಸು ಹತ್ತುವಾಗ ನಿಜವಾಗಿಯೂ ಹೇಳುವವನೇ ಆಗಿದ್ದೆ.

ಹೇಳಲಿಲ್ಲ. ಸೋಮವಾರ ಸಾವ್ಕಾರರು ಮಠಕ್ಕೆ ಹೋಗಿದ್ದರು. ಆಮೇಲೆ ಸುಗ್ಗಿ ಬಂತು. ಆಮೇಲೆ ನನ್ನ ಮದುವೆ ನಿಶ್ಚಯವಾಯಿತು, ಹೆಣ್ಣಿನ ಕಡೆಯವರು ಗಿರಣಿಗೇ ಬಂದು ನನ್ನ ಬಗ್ಗೆ ವಿಚಾರಿಸಿ ಹೋದರು. ಒಂದೊಂದು ಸಲ ಒಂದೊಂದು ಕಾರಣ. ಅಣ್ಣನಿಗೆ ಹೇಳಿಬಿಟ್ಟಿದ್ದರಿಂದ ಎದೆಯ ಭಾರ ಅರ್ಧ ಇಳಿದಿತ್ತು, ಉಳಿದರ್ಧವನ್ನು ಹೊತ್ತು ತಿರುಗುವುದು ಕಷ್ಟವಾಗಲಿಲ್ಲ. ನನ್ನ ನಿಜವಾದ ತಪ್ಪು ಇದು ಎಂದು ಈಗ ತಿಳಿದಿದೆ. ಮೊದಲಿನದು ಭಯದಿಂದ ಆದದ್ದು.

೧೯೫೬ರಲ್ಲಿ ಅಣ್ಣ ಗಿರಣಿಗೆ ಬಂದ. ವೈನಿಯ ತಮ್ಮನ ಮದುವೆಗೆ ಅಕ್ಕಿ ಬೇಕಿತ್ತು. ಸಾವ್ಕಾರರು ಅವನನ್ನು ಪ್ರೀತಿಯಿಂದಲೇ ಮಾತಾಡಿಸಿದರು. ಖಾಜಾಸಾಬ ಚೀಲ ತೂಗುತ್ತಿದ್ದ. ನಾನು ಎಣ್ಣೆ ಡಬ್ಬಿ ಹಿಡಿದು ಶಾಫ್ಟಿನ ಬೇರಿಂಗಿನ ಹತ್ತಿರ ಇದ್ದೆ.

“ಮೌನಪ್ಪಾ, ದಢೇಸುಗೂರಾಗ ಇನ್ನೊಂದು ಗಿರಣಿ ಹಾಕಾಕತ್ತೀನಿ,” ಎಂದರು ಸಾವ್ಕಾರರು. “ರಾಯಚೂರಿನ ಮಿಸ್ತ್ರಿನ್ನ ಕರಸೀನಿ. ಮನಸಿಗೆ ಹಚಕೋಬ್ಯಾಡ. ನೀ ಒಳ್ಳೇ ಮನಷ್ಯಾ. ಆದ್ರ ಜನಾ ಕೆಳಗ ನಿಂತು ಕೆಲಸ ಮಾಡೋ ಜಾಗಾ ನೋಡು.”

 ಅಣ್ಣ ನನ್ನ ಕಡೆ ನೋಡಿದ. ಸಿಟ್ಟಿನ ನೋಟವಲ್ಲ. ಸಣ್ಣವನಿದ್ದಾಗ ನಾನು ಅಕ್ಷರ ತಪ್ಪಿದರೆ ನಾನೇ ಸರಿ ಮಾಡಲಿ ಎಂದು ಕಾಯುತ್ತಿದ್ದನಲ್ಲ, ಹಾಗೆ ಕಾದ. ಹೇಳಬೇಕಾದವರೆಲ್ಲ ಅಲ್ಲೇ ಇದ್ದರು. ನಾನು ಬಗ್ಗಿ ಬೇರಿಂಗಿಗೆ ಎಣ್ಣೆ ಬಿಟ್ಟೆ. ಅದು ಆಗಲೇ ತುಂಬಿತ್ತು. ಎಣ್ಣೆ ಹೊರಗೆ ಹರಿದು ನೆಲಕ್ಕೆ ತೊಟ್ಟಿಕ್ಕಿತು.

“ಹೌದ್ರೀ,” ಎಂದ ಅಣ್ಣ ಕೊನೆಗೆ. “ಅಲ್ಲಿ ಕಂಬ ಮೊದಲs ಹೆಚ್ಚಿಗಿ ಹಾಕ್ಸ್ರಿ. ನಾ ಇಲ್ಲಿ ಹಾಕಬೇಕಿತ್ತು.”

ಚೀಲ ಹೆಗಲಿಗೇರಿಸಿಕೊಂಡು ಹೊರಟ. ಬಾಗಿಲ ಬಳಿ ನನಗೆ, “ಮದುವಿಗೆ ಬಾರೋ ಕಾಳ್ಯಾ, ವೈನಿ ಹೇಳ್ಯಾಳ,” ಎಂದ. ಆಮೇಲೆ ಅವನು ಬದುಕಿದ್ದಷ್ಟು ದಿನ ಆ ವಿಷಯ ಎತ್ತಲಿಲ್ಲ. ಅಟ್ಟವನ್ನಾಗಲಿ ಮನೆಯನ್ನಾಗಲಿ ಮತ್ತೆ ಕಟ್ಟಲೂ ಇಲ್ಲ.

ನಾನು ಮುಂದೆ ಬೇರೆ ಬೇರೆ ಗಿರಣಿಗಳಲ್ಲಿ ಕೆಲಸ ಮಾಡಿ ನಿವೃತ್ತನಾದೆ. ಯಂತ್ರ ನೋಡಲು ಯಾವ ಇಂಜಿನಿಯರ್ ಬಂದರೂ ಅವರು ಕೇಳುವ ಮುಂಚೆಯೇ ನಾನು ಮಾಡಿದ ಬದಲಾವಣೆಯನ್ನೆಲ್ಲ ಹೇಳುತ್ತಿದ್ದೆ. ಇಲ್ಲಿ ಪಟ್ಟಿ ಸುತ್ತಿದ್ದೇನೆ, ಇಲ್ಲಿ ಬೋಲ್ಟು ಬೇರೆಯದು ಹಾಕಿದ್ದೇನೆ ಎಂದು. ಇಷ್ಟು ಸಣ್ಣದು ಯಾಕೆ ಹೇಳುತ್ತೀರಿ ಎಂದು ಕೆಲವರು ನಗುತ್ತಿದ್ದರು. ಎಂಥ ಒಳ್ಳೆಯ ಉಪಕರಣವಿದ್ದರೂ ಅದು ತನ್ನ ಮುಂದೆ ಇಟ್ಟಿದ್ದನ್ನು ಮಾತ್ರ ಅಳೆಯುತ್ತದೆ. ಬಿಚ್ಚಿಟ್ಟಿದ್ದನ್ನು ಹೇಳಬೇಕಾದವರು ಯಂತ್ರದ ಪಕ್ಕದಲ್ಲಿ ನಿಂತವರು. ನನ್ನ ಕೆಲಸ ನನಗೆ ಕಲಿಸಿದ್ದು ಅಷ್ಟು, ಕಲಿಸುವಾಗ ತಡವಾಗಿತ್ತು.

ಸಾವ್ಕಾರರೂ ಖಾಜಾಸಾಬನೂ ಈಗಿಲ್ಲ. ಅವರ ಮಕ್ಕಳು, ಮೊಮ್ಮಕ್ಕಳು ಆ ಭಾಗದಲ್ಲೇ ಇದ್ದಾರೆ. ಅವರ ಮುಂದೆ ಹೇಳಬೇಕಾದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ೧೯೫೪ರಲ್ಲಿ ಸಿಂಧನೂರಿನ ಗಿರಣಿಯಲ್ಲಿ ಪಾಮನಕಲ್ಲೂರಿನ ಮೌನಪ್ಪ ಬಡಿಗೇರ ಕಟ್ಟಿದ ಅಟ್ಟ ಗಟ್ಟಿಯಾಗಿತ್ತು. ಅದನ್ನು ಅಲುಗಿಸಿದವನು ನಾನು.